ಮಗ್ಗದ ಕುಣಿಯ ಹಳದಿ ಹೂ

ಪ್ರಭುಲಿಂಗಪ್ಪನವರು ಎಲ್ಲಿ ಕುಳಿತರೂ ಅವರ ಪಾದಗಳು ಒಂದರ ಹಿಂದೊಂದು ನೆಲವನ್ನು ಒತ್ತುತ್ತಿದ್ದವು. ಚಹಾದಂಗಡಿಯ ಬಾಕಿನ ಮೇಲೆ, ಮುಂಡರಗಿ ಬಸ್ಸಿನಲ್ಲಿ, ಸತ್ತವರ ಮನೆಯ ಪಡಸಾಲೆಯಲ್ಲಿಯೂ ಆ ಕಾಲುಗಳು ಇಲ್ಲದ ಮಗ್ಗವೊಂದನ್ನು ತುಳಿಯುತ್ತಲೇ ಇದ್ದವು. ಬೆಟಗೇರಿಯ ಅವರ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದ ನಾನು ಗದಗಿನ ಮೊಬೈಲ್ ಅಂಗಡಿಯೊಂದರ ಸಂಬಳದಾಳು. ಗಿರಾಕಿಗಳೆದುರು ಕ್ಯಾಮೆರಾದ ಕಣ್ಣನ್ನು ದಿನವಿಡೀ ಹೊಗಳುವ ನನಗೆ ಸ್ವಂತ ಕಣ್ಣಿನ ಉಪಯೋಗ ಮೆಟ್ಟಿಲು ಎಡವದಷ್ಟಕ್ಕೆ ಮಾತ್ರ.

ಮಗ್ಗ ಮಾರಿಹೋದ ಮೇಲೆ, ನೇಕಾರ ಕಾಲಿಳಿಬಿಟ್ಟು ಕೂಡುವ ಕುಣಿಗೆ ಅವರು ಮಣ್ಣು ತುಂಬಿ, ಮೇಲಿನ ತಗಡು ಕಿತ್ತು ಬಿಸಿಲು ಬಿಟ್ಟರು. ಅದರಲ್ಲಿ ಬಿತ್ತಿದ್ದು, ಕೈಮಗ್ಗದ ಪ್ರದರ್ಶನಕ್ಕೆಂದು ಶಿಮ್ಲಾಕ್ಕೆ ಹೋದಾಗ ಹೆಂಡತಿ ಲಕ್ಷ್ಮೀದೇವಿ ರಸ್ತೆಬದಿಯಿಂದ ಸೆರಗಿನಲ್ಲಿ ಗಂಟುಕಟ್ಟಿ ತಂದ ಬೀಜ. ಆ ಕಾಡುಗಿಡದ ಹಳದಿ ಹೂ ಸಂಧ್ಯಾಕಾಲದಲ್ಲಿ ಕಣ್ಣೆದುರೇ ಅರಳಿದ್ದನ್ನು ಇಬ್ಬರೂ ನಿಂತು ನೋಡಿದ್ದರಂತೆ. ಮೊದಲ ವರ್ಷ ಗಿಡ ಬರೀ ಎಲೆ ಹರಡಿ ನೆಲಕ್ಕಂಟಿ ಕೂತಿತು. “ನಿಮ್ಮಂಗ ಐತಿ ನೋಡ್ರಿ, ಕುಂತಲ್ಲಿಂದ ಏಳವಲ್ದು” ಎಂದು ಆಕೆ ನಕ್ಕಿದ್ದರು. ಎರಡನೆಯ ವರ್ಷ ಅದು ಎದೆಯೆತ್ತರಕ್ಕೆ ಎದ್ದು ನಿಂತಿತು. ನಗುವುದಕ್ಕೆ ಆಕೆ ಇರಲಿಲ್ಲ.

ಹೂ ಬಿಟ್ಟ ವರ್ಷವೇ ಸಾಯುವ ಗಿಡವದು. ಅಷ್ಟರೊಳಗೆ ಅದು ಅರಳುವುದನ್ನು ಇನ್ನೊಬ್ಬರು ತಮ್ಮ ಜೊತೆ ನೋಡಬೇಕು ಎಂಬುದೊಂದೇ ಅವರಿಗೆ ಉಳಿದಿದ್ದ ಆಸೆ. ಓಣಿಯ ಮನೆಮನೆಗೆ ಹೋಗಿ ಹೂ ನೋಡಲು ಕರೆದರು, ಹೊತ್ತು ಹೇಳಲಿಲ್ಲ. ಹೂವೆಂದರೆ ಬೆಳಗಿನದು, ದೀಪ ಹಚ್ಚಿದ ಮೇಲೆ ಗಿಡ ಮುಟ್ಟಬಾರದು ಎಂದು ನಂಬಿದ ಓಣಿ. ಹೆಂಗಸರು ಮರುದಿನ ಮುಂಜಾನೆ ಮಿಂದು, ಬುಟ್ಟಿ ಹಿಡಿದು ಬಂದರು. ಹಿಂದಿನ ಸಂಜೆ ಅರಳಿದ ಹೂಗಳೆಲ್ಲ ಆಗಲೇ ತೊಯ್ದ ಕಾಗದದಂತೆ ಜೋತುಬಿದ್ದಿದ್ದವು.

“ದೇವರಿಗೂ ಬರೂದಿಲ್ಲ, ಹೆರಳಿಗೂ ಬರೂದಿಲ್ಲ. ಯಾತಕ್ಕ ಹಚ್ಚಿದೆಪಾ ಇದನ್ನ?” ಎಂದಳು ಪಕ್ಕದ ಮನೆಯ ಮುದುಕಿ ಬನಶಂಕರೆವ್ವ.

ಸಂಜೆ ಬರ್ರಿ ಎಂದು ಒಂದು ಮಾತು ಹೇಳಬಹುದಿತ್ತು. ಪ್ರಭುಲಿಂಗಪ್ಪನವರು ಎಲ್ಲರಿಗೂ ಚಹಾ ಬೇಕೇ ಎಂದಷ್ಟೇ ಕೇಳಿದರು.

ಅಂದು ನನಗೆ ವಾರದ ರಜೆ. ಸಂಜೆ ಕುಣಿಯ ಬದಿಯ ಹಲಗೆಯ ಮೇಲೆ, ಕರೆಯದಿದ್ದರೂ, ಅವರ ಪಕ್ಕ ಕೂತೆ. ಮೊಗ್ಗು ಕಂಪಿಸಿ ಎಸಳು ಬಿಚ್ಚತೊಡಗಿದಾಗ ನನ್ನ ಕೈ ತಾನಾಗಿಯೇ ಫೋನ್ ಎತ್ತಿತು.

“ಅದನ್ನ ಕಿಸೇದಾಗ ಇಡು. ಸ್ವಲ್ಪ ಆ ಕಡಿ ಸರಿ” ಎಂದರು.

ಸರಿದೆ. ನಮ್ಮಿಬ್ಬರ ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟುಕೊಂಡು ಅವರು ಹೂವಿನತ್ತ ತಿರುಗಿದರು.

ಇಂಥವರ ಏಕಾಂತವನ್ನು ನಾವು ಬಿಗುಮಾನವೆಂದು ತಿಳಿಯುತ್ತೇವೆ. ಅವರ ಬಾಗಿಲು ತೆರೆದೇ ಇರುತ್ತದೆ, ಬಾಯ್ತುಂಬ ಕರೆಯುತ್ತಾರೆ ಕೂಡ. ಯಾವ ಹೊತ್ತಿಗೆ ಬರಬೇಕೆಂದು ಮಾತ್ರ ಹೇಳುವುದಿಲ್ಲ. ಹೇಳದೆಯೇ ತಿಳಿಯುತ್ತಿದ್ದ ಒಬ್ಬರೊಡನೆ ಬಾಳಿದವರಿಗೆ ಹೇಳುವ ರೂಢಿಯೇ ತಪ್ಪಿಹೋಗಿರುತ್ತದೆ.