ಮೊಣಕಾಲು ಮಡಿಸುವ ಹೊತ್ತು

ಸೂಡಿಯ ಸಕ್ಕೂಬಾಯಿಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬಲ ಮೊಣಕಾಲಿನ ಕೀಲು ಬದಲಿಸಿದ್ದು ೨೦೦೭ರ ಜನವರಿಯಲ್ಲಿ. ಐದನೇ ದಿನ ವಾಕರ್ ಹಿಡಿದು ವಾರ್ಡಿನ ಬಾಗಿಲವರೆಗೆ ನಡೆದಳು. ಮನೆಗೆ ಕಳಿಸುವಾಗ ಫಿಸಿಯೋಥೆರಪಿಯ ಮೇಡಂ ಸೊಸೆ ಅನ್ನಪೂರ್ಣಾಳನ್ನು ಕರೆದು, ಅತ್ತೆಯ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಹೇಗೆ ಹಿಂದಕ್ಕೆ ಜಾರಿಸಬೇಕು, ಮಂಚದ ಅಂಚಿಗೆ ಕೂರಿಸಿ ಕಾಲನ್ನು ಎಷ್ಟು ಒತ್ತಬೇಕು ಎಂದು ಮಾಡಿ ತೋರಿಸಿದರು.

"ದಿನಾ ನಾಕ ಸಲ. ಅಳ್ತಾರ, ಬೈತಾರ. ಬಿಡಬ್ಯಾಡ್ರಿ. ಆರ ವಾರದಾಗ ಮಡಚಲಿಲ್ಲಂದ್ರ ಮುಂದ ಭಾಳ ಕಷ್ಟ."

ಅನ್ನಪೂರ್ಣಾ ಬಿಡಲಿಲ್ಲ. ನೋವಿನ ಗುಳಿಗೆ ಕೊಟ್ಟು, ಅರ್ಧ ತಾಸು ಕಾದು ಕಾಲಿಗೆ ಕೈ ಹಾಕುವಳು. ಸಕ್ಕೂಬಾಯಿಯ ಚೀರಾಟ ಓಣಿಯ ತುದಿಗೆ ಕೇಳುತ್ತಿತ್ತು.

"ಬಿಡ ನಮ್ಮವ್ವಾ, ಜೀವಾ ಹೋಗತೈತಿ!"

"ಇನ್ನ ಐದ ಸಲ ಅಷ್ಟರೀ ಅತ್ತಿ."

ಎರಡನೇ ವಾರಕ್ಕೆ ಓಣಿಯಲ್ಲಿ ಮಾತು ಹುಟ್ಟಿತು. ಗಂಜಿ ತಂದುಕೊಟ್ಟ ಎದುರು ಮನೆಯ ಮದರಬಿ ಮುಖಕ್ಕೇ ಕೇಳಿದಳು: "ಹಳೇ ಸಿಟ್ಟ ತೀರಿಸ್ಕೊಳ್ಳಾಕತ್ತೀಯೇನ?" ಅತ್ತೆ ಸೊಸೆಯ ನಡುವೆ ಮೂರು ವರ್ಷ ಬೇರೆ ಒಲೆ ಉರಿದದ್ದು ಎಲ್ಲರಿಗೂ ಗೊತ್ತಿತ್ತು. ಅನ್ನಪೂರ್ಣಾ ಗಂಜಿಯ ಪಾತ್ರೆ ತೊಳೆದು ಕೊಟ್ಟಳು. ಆದರೆ ಅಂದು ಸಂಜೆ ಅತ್ತೆಯ ಕಾಲು ಹಿಡಿದಾಗ ಅದೇ ಮಾತು ನೆನಪಾಯಿತು. ಒತ್ತುವ ಬಲದಲ್ಲಿ ಆ ಸಿಟ್ಟು ಒಂದಿಷ್ಟು ಬೆರೆತಿದೆಯೇ? ಇಲ್ಲ ಎಂದು ಆಣೆ ಮಾಡಲು ಅವಳಿಂದ ಆಗಲಿಲ್ಲ.

ಲಾರಿ ಓಡಿಸುವ ಗಂಡ ಕನಕರಾಜ ಮೂರನೇ ವಾರ ಊರಿಗೆ ಬಂದ. ಅವ್ವ ಅವನ ಅಂಗಿ ಹಿಡಿದು ಅತ್ತಳು. "ನಿನ್ನ ಹೇಣ್ತಿ ನನ್ನ ಕೊಲ್ಲಾಕತ್ತಾಳೋ ಯಪ್ಪಾ."

"ಇವತ್ತಿಂದ ಅವ್ವನ ಕಾಲ ಮುಟ್ಟಬ್ಯಾಡ," ಎಂದ ಕನಕರಾಜ. "ಮದಲ ಗಾಯ ಮಾಯಲಿ."

"ಕೈ ಬಿಟ್ರ ಕಾಲ ಬಿಗಿತೈತ್ರಿ. ದವಾಖಾನಿ ಮೇಡಂ ಹೇಳ್ಯಾರ್ರಿ."

"ಮೇಡಂಗ ಇಲ್ಲಿ ಚೀರೂದ ಕೇಳಸ್ತೈತೇನ?"

ಅವನೇ ಅವ್ವನ ಮೊಣಕಾಲ ಕೆಳಗೆ ದಿಂಬು ಇಟ್ಟು ಮತ್ತೆ ಲಾರಿಗೆ ಹೊರಟ. ಸಕ್ಕೂಬಾಯಿ ಎಷ್ಟೋ ದಿನಗಳ ಮೇಲೆ ಕಣ್ಣು ತುಂಬ ನಿದ್ದೆ ಮಾಡಿದಳು. ಅನ್ನಪೂರ್ಣಾ ಹತ್ತಿರ ಹೋದರೆ ಓಣಿಗೆ ಕೇಳುವಂತೆ ಮಗನ ಹೆಸರು ಹಿಡಿದು ಕೂಗುವಳು. ಹೀಗೆ ಹದಿನೆಂಟು ದಿನ ಕಳೆದವು. ಅನ್ನಪೂರ್ಣಾ ಬಸ್ ನಿಲ್ದಾಣದ ಬೂತಿನಿಂದ ಆಸ್ಪತ್ರೆಗೆ ಎರಡು ಸಲ ಫೋನು ಮಾಡಿದಳು. ಲಗೂ ಕರಕೊಂಡು ಬರ್ರಿ ಎಂದರು. ಗಂಡನಿಗೆ ಮಾಡಿದಳು, ಅವನು ಎತ್ತಲಿಲ್ಲ. ಬಾವಿಗೆ ಬೀಳಲೇ ಎನ್ನಿಸುವಷ್ಟು ಸಾಕಾಗಿ, ದೇವರ ಮುಂದೆ ಕೂತು ಅತ್ತಳು.

ಆರನೇ ವಾರ ಕನಕರಾಜ ಬಂದು ಇಬ್ಬರನ್ನೂ ಹುಬ್ಬಳ್ಳಿಗೆ ಕರೆದೊಯ್ದ. ಡಾಕ್ಟರು ಕೋನ ಅಳೆಯುವ ಪಟ್ಟಿಯನ್ನು ಕಾಲಿಗೆ ಹಿಡಿದು ನೋಡಿದರು. ಮೊಣಕಾಲು ನಲವತ್ತು ಡಿಗ್ರಿಗಿಂತ ಹೆಚ್ಚು ಮಡಚಲಿಲ್ಲ.

"ತೋರಿಸಿ ಕಳಿಸಿದ್ವಲ್ಲವಾ, ಏನ ಮಾಡಿದ್ರಿ ಇಷ್ಟ ದಿನ?" ಎಂದು ಅನ್ನಪೂರ್ಣಾಳಿಗೆ ಬೈದರು. ಕನಕರಾಜ ನೆಲ ನೋಡಿದ. ಅನ್ನಪೂರ್ಣಾ ಗಂಡನನ್ನೇ ನೋಡುತ್ತ ನಿಂತಳು.

ಮರುದಿನ ಪ್ರಜ್ಞೆ ತಪ್ಪಿಸಿ ಬಲವಂತವಾಗಿ ಕಾಲು ಮಡಿಸಿದರು. ಎಚ್ಚರವಾದ ಸ್ವಲ್ಪ ಹೊತ್ತಿಗೇ ಮೇಡಂ ಬಂದು ಹಿಮ್ಮಡಿ ಹಿಡಿದರು. ಸಕ್ಕೂಬಾಯಿ ಹುಚ್ಚಿಯಂತೆ ಚೀರಿದಳು. ಕನಕರಾಜ ಕಿವಿ ಮುಚ್ಚಿಕೊಂಡು ವಾರ್ಡಿನ ಹೊರಗೆ ಓಡಿದ. ಅವ್ವ ಅವನ ಬೆನ್ನನ್ನು ನೋಡಿದಳು. ಆಮೇಲೆ ಸೊಸೆಯ ಮುಂಗೈಯನ್ನು ಉಗುರು ನಾಟುವಂತೆ ಹಿಡಿದಳು.

"ನಾ ಬ್ಯಾಡಂದೆ, ನಾನ ನಿನ್ನ ಕೈ ಬಿಡಿಸಿದೆ," ಎಂದಳು. "ಇನ್ನ ನೀನ ಹಿಡಿ. ಎಷ್ಟ ಬೈದ್ರೂ ಬಿಡಬ್ಯಾಡ."

ಅನ್ನಪೂರ್ಣಾ ಸೆರಗು ಸಿಕ್ಕಿಸಿ ಕಾಲಿಗೆ ಕೈ ಹಾಕಿದಳು. ಅತ್ತೆ ಬೈದಳು, ಅವಳ ತವರನ್ನೆಲ್ಲ ಎತ್ತಿ ಬೈದಳು. ಅನ್ನಪೂರ್ಣಾ ಕಣ್ಣೀರು ಸುರಿಸುತ್ತಲೇ ಒತ್ತಿದಳು. ವಾರ ಕಳೆದಾಗ ಕಾಲು ಎಂಬತ್ತು ಡಿಗ್ರಿಯವರೆಗೆ, ಕುರ್ಚಿಯಲ್ಲಿ ಹೇಗೋ ಕೂರುವಷ್ಟು, ಮಡಚಿತು. ಅದಕ್ಕಿಂತ ಮುಂದೆ ಎಂದೂ ಹೋಗಲಿಲ್ಲ.