ಹೆಬ್ಬಂಡೆ ದೊಣೆಗೆ ಬೆಳಗಿನ ಹೊತ್ತು ಬಂದವರು

ಸೋಮವಾರ ಸಂಜೆ ಕಾಡಲ್ಲಿ ಮೇದು ಬಂದ ಮುನಿಶಾಮಮ್ಮನ ಹಸು ಕುಂಟುತ್ತಿತ್ತು. ನೋಡಿದರೆ ಗೊರಸಿನ ಸಂದಿಯಲ್ಲಿ ಬಾಟಲಿ ಚೂರು.

ಆ ಊರಲ್ಲಿ ಇದು ಹೊಸದಲ್ಲ. ಬೇತಮಂಗಲದ ಕಡೆಯ ಆ ಊರಿನ ಪಕ್ಕ ಹೆಬ್ಬಂಡೆ ಅಂತ ಒಂದು ಸರ್ಕಾರಿ ಕಾಡು. ಅದರ ನಡುವೆ ಬಂಡೆಯ ಮೇಲೊಂದು ದೊಣೆ, ಕಲ್ಲಿನ ಗುಂಡಿಯಲ್ಲಿ ತಾನಾಗಿ ನಿಂತ ನೀರು. ಎಂಥ ಬೇಸಿಗೆಯಲ್ಲೂ ಅದರ ನೀರು ಬತ್ತುವುದಿಲ್ಲ. ಭಾನುವಾರ ಬಂದರೆ ಸಾಕು, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆ ಕಡೆಯ ಬೈಕು, ಕಾರುಗಳು ದೊಣೆಯ ಅಂಚಿನವರೆಗೂ ಏರುತ್ತವೆ. ಅಲ್ಲೇ ಬಿರಿಯಾನಿ ಬೇಯುತ್ತದೆ, ಅಲ್ಲೇ ಹಾಡು, ಕುಣಿತ, ಸೋಪು ಹಚ್ಚಿಕೊಂಡು ಸ್ನಾನ. ಖಾಲಿ ಬಾಟಲಿ, ಕವರು ಬೀಳುವುದೂ ಅಲ್ಲೇ.

ಮುನಿಶಾಮಮ್ಮನ ಗಂಡ ಕೋದಂಡಪ್ಪ ಅದೇ ದೊಣೆಯ ಪಕ್ಕ ಬೋಂಡ ಮಾರುತ್ತಿದ್ದ. ಕೂಲಿ ಸಿಗದ ವಾರ ಮನೆ ನಡೆಯುತ್ತಿದ್ದದ್ದು ಅದರಿಂದಲೇ. ಹಾಗಾಗಿ ಹಸುವಿನ ಕಾಲಿಗೆ ಅರಿಶಿನ ಹಚ್ಚುತ್ತಾ ಹೆಂಡತಿ ಎಷ್ಟು ಬೈದರೂ ಅವನು ಬೋಂಡದ ಬಾಣಲೆ ಉಜ್ಜುತ್ತಲೇ ಇದ್ದ.

ಆ ವಾರ ಗ್ರಾಮ ಅರಣ್ಯ ಸಮಿತಿಯ ಸಭೆ ಸೇರಿತು. ಫಾರೆಸ್ಟ್ ಗಾರ್ಡ್ ಶ್ಯಾಮಲ ಬಂದಿದ್ದಳು. ಇನ್ನು ಮೇಲೆ ಗಾಡಿಗಳು ಕಾಡಿನ ಅಂಚಿನ ಹುಣಸೆ ತೋಪಲ್ಲೇ ನಿಲ್ಲಬೇಕು, ಊಟ, ಆಟ, ಶೌಚಾಲಯ ಎಲ್ಲ ಅಲ್ಲೇ, ತೋಪು ತುಂಬಿದ ಮೇಲೆ ಬಂದ ಗಾಡಿ ವಾಪಸ್ಸು, ದೊಣೆಯ ಹತ್ತಿರ ಯಾರೂ ಹೋಗುವಂತಿಲ್ಲ ಅನ್ನುವ ಯೋಜನೆ ಹೇಳಿದಳು. ಇದು ಇನ್ನೂ ಮುಗಿದ ಮಾತಲ್ಲ, ಊರವರು ತಿದ್ದಬಹುದು ಅಂದಳು.

ಕೋದಂಡಪ್ಪ ಎದ್ದು ನಿಂತ. "ದೊಣೆ ತಾವ್ಕೆ ಬಿಡಲ್ಲ ಅಂದ್ರೆ ಜನ ಯಾಕ್ ಬತ್ತಾರೆ ಮೇಡಂ? ನಮ್ಮಂತೋರು ಎಲ್ಲಿಗೋಗಾದು?"

ಶ್ಯಾಮಲ ವಾದಕ್ಕಿಳಿಯಲಿಲ್ಲ. "ಜನ ಇಲ್ದಾಗ ಆ ದೊಣೆ ನೋಡಿದ್ದೀರಾ ಕೋದಂಡಣ್ಣ?" ಅಂತ ಕೇಳಿದಳು. ಮಾರನೆಯ ದಿನ ಗಂಡ ಹೆಂಡತಿ ಇಬ್ಬರೂ ಬೆಳಕು ಹರಿಯುವ ಮುಂಚೆ ಬನ್ನಿ ಅಂದಳು.

ದೊಣೆಯಿಂದ ದೂರದಲ್ಲಿ, ಎತ್ತರದ ಬಂಡೆಯೊಂದರ ಮೇಲೆ ಅವರನ್ನು ಕೂರಿಸಿದಳು. ಗಾಳಿ ದೊಣೆಯ ಕಡೆಯಿಂದ ಬೀಸುತ್ತಿತ್ತು, ಇವರ ವಾಸನೆ ಅತ್ತ ಹೋಗುವಂತಿರಲಿಲ್ಲ. ಏಳಬಾರದು, ಮಾತಾಡಬಾರದು ಅಂತ ಮೊದಲೇ ಹೇಳಿದ್ದಳು. ಕೆಳಗೆ ದೊಣೆಯ ನೀರು ಅಲುಗಾಡದೆ ಬೆಳ್ಳಗೆ ಮಲಗಿತ್ತು. ಗೌಜಲಹಕ್ಕಿಗಳು ಬಂದು ಕುಡಿದವು. ನವಿಲೊಂದು ಬಂತು. ಇದ್ದಕ್ಕಿದ್ದಂತೆ ಹಕ್ಕಿಗಳೆಲ್ಲ ಸರಿದುಕೊಂಡವು.

ಪೊದೆಯಿಂದ ಕರಡಿ ಹೊರಬಂತು. ಬೆನ್ನ ಮೇಲೆ ಎರಡು ಮರಿಗಳು ತಾಯಿಯ ಕೂದಲು ಹಿಡಿದು ಕೂತಿದ್ದವು, ಸವಾರಿಗೆ ಹೊರಟ ಮಕ್ಕಳ ಹಾಗೆ. ಮುನಿಶಾಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕರಡಿ ನೀರು ಹೀರುವ ಸದ್ದು ಬಂಡೆಯವರೆಗೂ ಕೇಳುತ್ತಿತ್ತು. ಕೋದಂಡಪ್ಪನಿಗೆ ಚಿಕ್ಕಂದಿನಿಂದ ತಿಳಿದ ಜಾಗ ಅದು. ತಾನು ಬಾಣಲೆ ಇಡುವ ಕಡೆಯೇ ಆ ತಾಯಿ ನಿಂತಿದ್ದಳು. ಇದನ್ನು ಮಾತ್ರ ಅವನು ಒಮ್ಮೆಯೂ ಕಂಡಿರಲಿಲ್ಲ.

ಒಂದು ಮರಿ ಕೆಳಗೆ ಜಾರಿತು. ಬಂಡೆ ಸಂದಿಯಿಂದ ಎಣ್ಣೆ ಹತ್ತಿದ ಪ್ಲಾಸ್ಟಿಕ್ ಕವರು ಎಳೆದು ಅದರೊಳಗೆ ಮೂತಿ ತೂರಿಸಿತು. ಕವರು ಮುಖಕ್ಕೆ ಅಂಟಿಕೊಂಡಿತು. ಮರಿ ತಲೆ ಒದರಿತು, ಮುಗ್ಗರಿಸಿ ಬಿತ್ತು. ತಾಯಿ ಬಂದು, ಅಷ್ಟುದ್ದದ ಉಗುರಿನಿಂದ, ಮರಿಗೆ ಗೀರೂ ಆಗದ ಹಾಗೆ ಕವರನ್ನು ಹರಿದು ತೆಗೆಯಿತು. ಮರಿ ಮತ್ತೆ ಬೆನ್ನೇರಿತು. ಮೂವರೂ ಪೊದೆಯೊಳಗೆ ಹೋದರು.

"ಆ ತಾಯಿ ಮನೇಲೇ ನಾವು ಒಲೆ ಅಚ್ತಿದ್ವಲ್ಲ," ಅಂದಳು ಮುನಿಶಾಮಮ್ಮ ಮೆಲ್ಲಗೆ.

ಬೇಸಿಗೆಯಲ್ಲಿ ಈ ಗುಡ್ಡಕ್ಕೆಲ್ಲ ಇದೊಂದೇ ನೀರು, ಇಲ್ಲಿ ಗದ್ದಲವಾದರೆ ಬಾಯಾರಿದ ಕರಡಿ ಊರ ಕಡೆ ಇಳಿಯುತ್ತದೆ, ಆಗ ಎರಡೂ ಕಡೆಗೆ ಅಪಾಯ ಎಂದು ಶ್ಯಾಮಲ ವಿವರಿಸಿದಳು. ಕೋದಂಡಪ್ಪ ಇನ್ನೂ ನೀರನ್ನೇ ನೋಡುತ್ತಿದ್ದ.

"ಈ ಬಂಡೆವರ್ಗೂ ಒಂದು ಕಾಲ್ದಾರಿ ಬಿಡಿ ಮೇಡಂ," ಅಂದ. "ಜನ ದೂರ್ದಿಂದ್ಲೇ ನೋಡ್ಲಿ."

ಮುಂದಿನ ಸಭೆಯಲ್ಲಿ ಆ ಮಾತು ಒಪ್ಪಿಗೆಯಾಯಿತು. ಬೆಳಿಗ್ಗೆ, ಸಂಜೆ ಕಾಡು ಪ್ರಾಣಿಗಳಿಗೆ, ನಡು ಹಗಲು ಜನಕ್ಕೆ ಅಂತಲೂ ಗೊತ್ತುಮಾಡಿದರು. ಶೌಚಾಲಯಕ್ಕೆ ಗುರುತು ಹಾಕಿದ್ದ ಕಡೆ ಮಳೆಗಾಲದಲ್ಲಿ ಹಳ್ಳ ಹರಿದು ಕೆರೆ ಸೇರುತ್ತದೆ ಅಂತ ಕೋದಂಡಪ್ಪನೇ ತೋರಿಸಿ ಜಾಗ ಬದಲಾಯಿಸಿದ.

ಮೊದಮೊದಲು ತೋಪಿನಾಚೆ ದಾರಿಗೆ ಅಡ್ಡ ಕಟ್ಟಿದ ಸರಪಳಿ ನೋಡಿ ಬೈದು ಹಿಂತಿರುಗಿದವರಿದ್ದರು. ಬೋಂಡ ಮಿಕ್ಕವು. ಆಮೇಲೆ ನೆರಳು, ಶೌಚಾಲಯ ಇದೆಯೆಂದು ತಿಳಿದು, ವಯಸ್ಸಾದವರನ್ನೂ ಕರೆದುಕೊಂಡು ಸಂಸಾರಸ್ಥರು ಬರತೊಡಗಿದರು. ಕೋದಂಡಪ್ಪ ಈಗ ತೋಪಿನಲ್ಲಿ ಮುತ್ತುಗದ ಎಲೆಯಲ್ಲಿ ಬೋಂಡ ಕೊಡುತ್ತಾನೆ. ಮೊನ್ನೆ ಚಾಂಪಿಯನ್ ರೀಫ್ಸ್‌ನಿಂದ ಬಂದ ನವ್ಯ ಅನ್ನುವ ಹುಡುಗಿ, ಕರಡಿ ಬರುತ್ತಾ ಅಂತ ಕೇಳಿದಳು.

"ಕಂಡ್ರೆ ನಿನ್ನ ಪುಣ್ಯ ಕಣಮ್ಮ. ಕಾಣ್ದಿದ್ರೂ ನೀರು ಅವ್ರ್ದೇ."

ನೀವೂ ಕಾಡಿಗೆ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಗಾಡಿಯನ್ನು ಹೇಳಿದ ಕಡೆ ನಿಲ್ಲಿಸಿ, ಇರುವ ದಾರಿಯಲ್ಲೇ ನಡೆಯಿರಿ, ತಂದದ್ದನ್ನೆಲ್ಲ ವಾಪಸ್ಸು ತನ್ನಿ. ನಿಮ್ಮೂರಿನ ಕಾಡಿನ ಬಗ್ಗೆ ಸಭೆ ಕರೆದರೆ ತಪ್ಪಿಸಬೇಡಿ, ನಿಮಗೆ ಗೊತ್ತಿರುವುದನ್ನು ಹೇಳಿ. ನೀವು ಎದ್ದು ಬಂದ ಮೇಲೆ ಆ ನೀರಿಗೆ ಇನ್ಯಾರೋ ಮಕ್ಕಳನ್ನು ಹೊತ್ತು ಬರುತ್ತಾರೆ.