ಗಿರಾಕಿಯ ತೋಳು

ಯಾರನ್ನಾದರೂ ಹೊಡೆಯಲೇಬೇಕು ಎಂದು ಚಪ್ಪಲಿ ಅಂಗಡಿಯವನು ಕಾಲೇಜಿನ ಮೆಟ್ಟಿಲು ಹತ್ತುವಾಗಲೇ ನಿಶ್ಚಯಿಸಿಕೊಂಡಿದ್ದ. ಯಾರನ್ನು ಎಂಬುದೂ ಗೊತ್ತಿತ್ತು. ಲ್ಯಾಬ್ ಕೋರ್ಸಿನ ಕೊನೆಯ ವರ್ಷದಲ್ಲಿದ್ದ ಅವನ ಒಬ್ಬಳೇ ಮಗಳನ್ನು ಪ್ರಾಕ್ಟಿಕಲ್‌ನಲ್ಲಿ ಫೇಲು ಮಾಡಿದ ಮೇಷ್ಟ್ರನ್ನು.

ಅವನೇನೂ ಹುಟ್ಟು ಜಗಳಗಂಟನಲ್ಲ. ಹಾಗೆ ನೋಡಿದರೆ ಅವನಷ್ಟು ಬಾಯಿಸತ್ತವನು ಅವನ ಬೀದಿಯಲ್ಲೇ ಇರಲಿಲ್ಲ. ಬದುಕಿಡೀ ನೆಲಕ್ಕೆ ಮಂಡಿಯೂರಿ ಕಂಡವರ ಕಾಲಿಗೆ ಚಪ್ಪಲಿ ತೊಡಿಸಿದವನು. ಬೆವರಿದ ಕಾಲು, ಹಿಮ್ಮಡಿ ಒಡೆದ ಕಾಲು, ಕಾಲುಚೀಲ ಬಿಚ್ಚಿದರೆ ಪಕ್ಕದ ಅಂಗಡಿಯವರೂ ಮೂಗು ಮುಚ್ಚಿಕೊಳ್ಳಬೇಕಾದ ಕಾಲು, ಎಲ್ಲವನ್ನೂ ಹಿಡಿದಿದ್ದ. ಡಬ್ಬಗಳನ್ನೆಲ್ಲ ಇಳಿಸಿ, ಅಂಗಡಿ ತುಂಬ ಹರಡಿಸಿ, ಏನೂ ಕೊಳ್ಳದೆ ಎದ್ದುಹೋದವರಿಗೂ ಕೈ ಮುಗಿದಿದ್ದ. ಒಮ್ಮೆ ಒಬ್ಬ ಗಿರಾಕಿ, ಬೂಟು ಬಿಗಿಯಾಯಿತೆಂದು ಅದನ್ನು ಕಿತ್ತು ಅವನ ಮುಖಕ್ಕೇ ಎಸೆದ. ತುಟಿ ಒಡೆಯಿತು. ಇವನು ಉಗುಳಿನ ಜೊತೆ ರಕ್ತವನ್ನೂ ನುಂಗಿ, ನಕ್ಕು, ಒಂದು ನಂಬರ್ ದೊಡ್ಡದನ್ನು ತಂದುಕೊಟ್ಟ. ದುಡ್ಡು ಕೊಡುವವನು ಎಸೆಯಬಹುದು, ತೆಗೆದುಕೊಳ್ಳುವವನು ನಗಬೇಕು. ಲೋಕದ ನ್ಯಾಯ ಇಷ್ಟೇ ಎಂದು ಅವತ್ತು ಅವನಿಗೆ ಮನವರಿಕೆಯಾಯಿತು.

ಮಗಳನ್ನು ಕಾಲೇಜಿಗೆ ಸೇರಿಸಿದ ದಿನ ಅವನು ಜೀವನದಲ್ಲಿ ಮೊದಲ ಸಲ ಕೌಂಟರಿನ ಆಚೆ ಬದಿ ನಿಂತ. ಪ್ರಿನ್ಸಿಪಾಲರು ಎದ್ದು ನಿಂತು ಕೈ ಕುಲುಕಿದರು. ಪೋಷಕರೇ ನಮ್ಮ ಗ್ರಾಹಕರು, ಏನೇ ದೂರಿದ್ದರೂ ನೇರ ನನ್ನ ಹತ್ತಿರ ಬನ್ನಿ ಎಂದರು. ಅವನು ಬಂದ. ಬರುತ್ತಲೇ ಇದ್ದ. ತರಗತಿಯ ಫ್ಯಾನು ಕಿರುಗುಟ್ಟುತ್ತದೆ ಎಂದು ಬಂದ, ಯಾವಳೋ ಮೇಡಂ ಮಗಳನ್ನು ಗದರಿದಳು ಎಂದು ಬಂದ. ಪ್ರತಿ ಸಲವೂ ಓದಿಕೊಂಡವರು ಯಾರಾದರೊಬ್ಬರು ಅವನ ಮುಂದೆ ಹಲ್ಲು ಕಿರಿದು ಕ್ಷಮೆ ಕೇಳುತ್ತಿದ್ದರು. ಪಾಪ, ಆ ರುಚಿ ಒಮ್ಮೆ ನಾಲಿಗೆಗೆ ಹತ್ತಿದರೆ ಬಿಡುವುದು ಕಷ್ಟ. ಮಗಳು ಮಾತ್ರ ದಿನೇ ದಿನೇ ತಲೆ ತಗ್ಗಿಸಿ ನಡೆಯತೊಡಗಿದಳು. ಅದನ್ನು ಅವನು ವಿನಯ ಎಂದುಕೊಂಡ.

ಅವನಿಗೆ ಬಗ್ಗದೆ ಉಳಿದವರು ತೂತು ಮೇಷ್ಟ್ರು ಒಬ್ಬರೇ. ವಿದ್ಯಾರ್ಥಿಗಳು ಇಟ್ಟ ಹೆಸರು ಅದು, ಪ್ರೀತಿಯಿಂದಲೇ ಇಟ್ಟದ್ದು. ರಕ್ತ ತೆಗೆಯುವುದನ್ನು ಕಲಿಸುತ್ತಿದ್ದ ಅವರದ್ದೊಂದು ಪದ್ಧತಿಯಿತ್ತು. ಮಕ್ಕಳು ಮೊದಲು ರಬ್ಬರಿನ ತೋಳಿಗೆ ಚುಚ್ಚಬೇಕು, ಆಮೇಲೆ ಒಬ್ಬರಿಗೊಬ್ಬರು. ಕೊನೆಯ ಪರೀಕ್ಷೆ ಮಾತ್ರ ಮೇಷ್ಟ್ರ ತೋಳಿನ ಮೇಲೆ. ನನ್ನ ಮೈಗೆ ಬಿಟ್ಟುಕೊಳ್ಳಲಾಗದ ಸೂಜಿಯನ್ನು ರೋಗಿಯ ಮೈಗೆ ಹೇಗೆ ಬಿಡಲಿ ಎನ್ನುತ್ತಿದ್ದರು. ಪರೀಕ್ಷೆಯ ತಿಂಗಳು ಅವರ ಎರಡೂ ತೋಳುಗಳು ಜಜ್ಜಿದ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿದ್ದವು. ಆ ತೋಳಿನಲ್ಲಿ ಇವನ ಮಗಳಿಗೆ ನರ ಸಿಕ್ಕಿರಲಿಲ್ಲ.

ಅವನು ಲ್ಯಾಬಿನ ಬಾಗಿಲನ್ನು ಒದ್ದು ಒಳನುಗ್ಗಿದಾಗ ಮೇಷ್ಟ್ರು ಗಾಜಿನ ಕೊಳವೆಗಳನ್ನು ಸ್ಟ್ಯಾಂಡಿಗೆ ಜೋಡಿಸುತ್ತಿದ್ದರು. ಮಗಳು ಸಹಪಾಠಿಗಳ ನಡುವೆ ಕೂತಿದ್ದಳು. ಅವನನ್ನು ಕಂಡವಳೇ ಬಿಳಿಚಿಕೊಂಡಳು.

ಯಾಕೆ ಫೇಲು ಮಾಡಿದಿರಿ ಎಂದು ಅವನು ಕೇಳಿದ. ಮೇಷ್ಟ್ರು ತಿರುಗಿ ನಿಂತರು.

"ಅವತ್ತು ಪರೀಕ್ಷೆ ಹೊತ್ತಲ್ಲಿ ನೀವು ಈ ಬಾಗಿಲಲ್ಲೇ ನಿಂತಿದ್ರಿ. ಹೊರಗೆ ಹೋಗಿ ಅಂತ ಎಷ್ಟು ಸಲ ಹೇಳಿದೆ? ಹೋಗಲಿಲ್ಲ. ಅವಳ ಕೈ ಗಡಗಡ ನಡುಗ್ತಿತ್ತು. ನಡುಗೋ ಕೈನ ನಾನು ಪಾಸು ಮಾಡಲ್ಲ."

"ದುಡ್ಡು ಕೊಟ್ಟವನು ನಾನು. ನಿಂತು ನೋಡ್ತೀನಿ, ಕೂತು ನೋಡ್ತೀನಿ."

"ದುಡ್ಡು ಕೊಟ್ಟಿದ್ದು ಕಲಿಯೋಕೆ. ಪಾಸಾಗೋಕಲ್ಲ."

ಅವನ ಕೋಪ ನೆತ್ತಿಗೇರಿತು. ಕೈಗೆ ಸಿಕ್ಕಿದ ಸ್ಟೀಲಿನ ಟ್ರೇ ಎತ್ತಿ ಬೀಸಿದ. ಅದರ ಅಂಚು ಮೇಷ್ಟ್ರ ಹುಬ್ಬಿನ ಮೇಲೆ ಕೂತು ಚರ್ಮವನ್ನು ಸೀಳಿಕೊಂಡು ಹೋಯಿತು. ಅವರು ಮೇಜಿನ ಮೇಲಿನ ಸ್ಟ್ಯಾಂಡಿಗೆ ಮುಖ ಬಡಿದು ನೆಲಕ್ಕೆ ಕುಸಿದರು. ಕೊಳವೆಗಳೆಲ್ಲ ಉರುಳಿ ನೆಲಕ್ಕೆ ಬಿದ್ದು ಪುಡಿಯಾದವು. ಬಿದ್ದವರ ಪಕ್ಕೆಗೆ ಅವನು ಒದ್ದ, ಮತ್ತೆ ಒದ್ದ. ಬಿಡಿಸಲು ಬಂದ ವಿದ್ಯಾರ್ಥಿಯೊಬ್ಬನ ಬಾಯಿಗೆ ಮೊಣಕೈಯಿಂದ ತಿವಿದ. ಹುಡುಗ ಹಲ್ಲಿನ ಚೂರು ಉಗುಳುತ್ತ ಗೋಡೆಗೊರಗಿದ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ಹಾಗೆ ಅಷ್ಟು ವರ್ಷ ನಕ್ಕು ನುಂಗಿದ್ದನ್ನೆಲ್ಲ ಅವನು ಆ ಮುದಿ ಮೇಷ್ಟ್ರ ಮೇಲೆ ಕಾರಿಕೊಂಡ. ನಿಜ ಹೇಳಬೇಕೆಂದರೆ ಅವನಿಗೆ ಅದರಲ್ಲಿ ಸುಖವಿತ್ತು.

ಪ್ರಿನ್ಸಿಪಾಲರು ಓಡಿ ಬಂದರು. ಪೊಲೀಸರನ್ನು ಕರೆಯಲಿಲ್ಲ. ಮೊದಲು ಬಾಗಿಲು ಹಾಕಿಸಿದರು, ಆಮೇಲೆ ಅವನಿಗೆ ಕುರ್ಚಿ ಹಾಕಿಸಿದರು. ಸಮಾಧಾನ ಮಾಡಿಕೊಳ್ಳಿ ಸಾರ್, ಏನೋ ತಪ್ಪಾಗಿದೆ, ಸರಿಮಾಡಿಸೋಣ ಎಂದು ಬೆಣ್ಣೆ ಹಚ್ಚಿ, ಮೇಷ್ಟ್ರ ಕಡೆ ತಿರುಗಿ, ಒಂದು ಸಹಿ ಹಾಕಿ ಮುಗಿಸಿಬಿಡಿ ಎಂದರು.

ಮೇಷ್ಟ್ರು ಮೇಜು ಹಿಡಿದು ಎದ್ದು ಸ್ಟೂಲಿನ ಮೇಲೆ ಕೂತರು. ಒಂದು ಕಣ್ಣಿಗೆ ರಕ್ತ ಇಳಿಯುತ್ತಿತ್ತು.

"ಸಹಿ ಹಾಕ್ತೀನಿ. ಆದರೆ ಗಿರಾಕಿ ಅಂದ್ಮೇಲೆ ಮಾಲು ಪರೀಕ್ಷೆ ಮಾಡಿ ತಗೋಬೇಕು. ಇವರ ತೋಳಿಂದ ಮಗಳು ರಕ್ತ ತೆಗೀಲಿ. ತೆಗೆದರೆ ಪಾಸು."

ಅವನು ಒಂದು ಕ್ಷಣವೂ ಯೋಚಿಸಲಿಲ್ಲ. ಅಂಗಿಯ ತೋಳು ಮಡಚಿ ಕೈಯನ್ನು ಮೇಜಿನ ಮೇಲೆ ಚಾಚಿಟ್ಟ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡೆ ಎಂದು ತಿಳಿಯುವಷ್ಟು ತಾಳ್ಮೆ ಅವನಲ್ಲಿ ಉಳಿದಿರಲಿಲ್ಲ.

"ಬಾ ಪುಟ್ಟಿ. ಚುಚ್ಚು. ಇವರಿಗೆ ತೋರಿಸು."

ಮಗಳು ಬಂದಳು. ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದಳು, ಹತ್ತಿಯಿಂದ ಒರೆಸಿದಳು. ಬದುಕಿಡೀ ಡಬ್ಬ ಹೊತ್ತ ತೋಳು. ನರ ಹಗ್ಗದಂತೆ ಎದ್ದು ನಿಂತಿತ್ತು, ಕುರುಡನಿಗೂ ಸಿಗುವಂತಿತ್ತು. ಆದರೂ ಸೂಜಿಯ ತುದಿ ಅದರ ಪಕ್ಕದಲ್ಲಿ ಇಳಿಯಿತು. ತೆಗೆದಳು. ಹೊಸ ಸೂಜಿ ಹಿಡಿದಳು. ಈ ಸಲ ಸೂಜಿ ನರವನ್ನು ದಾಟಿಕೊಂಡು ಹೋಯಿತು. ಚರ್ಮದಡಿ ನೀಲಿ ಗಂಟೊಂದು ಉಬ್ಬಿತು. ಅವನು ಹಲ್ಲು ಕಚ್ಚಿದ. ನೋವಿಗಿಂತ ಹೆಚ್ಚಾಗಿ, ಸುತ್ತ ನಿಂತವರು ನೋಡುತ್ತಿದ್ದಾರೆಂಬುದು ಅವನನ್ನು ಸುಡುತ್ತಿತ್ತು.

"ಇನ್ನೊಂದು ಸಲ" ಎಂದ.

ಅವಳ ಕೈ ಎಷ್ಟು ಅದುರುತ್ತಿತ್ತೆಂದರೆ ಸೂಜಿ ಒಳಗೆ ಹೋದಮೇಲೂ ಅಲುಗಿತು. ಮಾಂಸ ಕಿತ್ತಂತಾಯಿತು. ರಕ್ತ ಸಿರಿಂಜಿಗೆ ಬರಲಿಲ್ಲ, ತೋಳಿನ ಗುಂಟ ಹರಿದು ಮೇಜಿನ ಮೇಲೆ ಹರಡಿತು. ಅವಳು ಪಟ್ಟಿ ಬಿಚ್ಚಿ ಸಿರಿಂಜನ್ನು ಕೆಳಗಿಟ್ಟಳು.

"ನನ್ನಿಂದ ಆಗಲ್ಲಪ್ಪ. ಬಿಡು."

ಅವನು ಎದ್ದು ಅದೇ ಕೈಯಿಂದ ಅವಳ ಕೆನ್ನೆಗೆ ಬಾರಿಸಿದ. ಹುಟ್ಟಿದಾಗಿನಿಂದ ಒಂದು ಪೆಟ್ಟೂ ಕೊಟ್ಟಿರದ ಮಗಳು. ಅವಳು ಬೀರುವಿನ ಬಾಗಿಲಿಗೆ ತಲೆ ಬಡಿದು ಕುಸಿದಳು. ಕೆನ್ನೆಯ ತುಂಬ ಅವನ ರಕ್ತದ ಬೆರಳುಗಳು ಮೂಡಿದವು. ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅವನ ತಾಯಿ ಹೇಳುತ್ತಿದ್ದಳು. ಕೈ ಕೆಳಗಿಳಿಯುವ ಮೊದಲೇ ಅವನಿಗೆ ಅದು ಗೊತ್ತಾಯಿತು.

ಮಗಳು ಎದ್ದಳು. ಅಳಲಿಲ್ಲ. ನಲ್ಲಿಯಲ್ಲಿ ಮುಖ ತೊಳೆದುಕೊಂಡಳು, ಕೈ ತೊಳೆದುಕೊಂಡಳು, ಕೈಗವಸು ಹಾಕಿಕೊಂಡಳು, ಹತ್ತಿಯ ಉಂಡೆಯನ್ನೂ ಬ್ಯಾಂಡೇಜಿನ ಸುರುಳಿಯನ್ನೂ ತೆಗೆದುಕೊಂಡಳು. ತನಗೇ ಎಂದುಕೊಂಡು ಅವನು ರಕ್ತ ಸುರಿಯುವ ತೋಳನ್ನು ಮುಂದೆ ಚಾಚಿದ. ಅವಳು ಅದನ್ನು ದಾಟಿಕೊಂಡು ಮೇಷ್ಟ್ರ ಬಳಿ ಹೋದಳು.

ಹರಿದ ಹುಬ್ಬನ್ನು ಬೆರಳುಗಳಿಂದ ಕೂಡಿಸಿ ಹಿಡಿದಳು. ಗಾಯದೊಳಗಿನ ಗಾಜಿನ ಚೂರೊಂದನ್ನು ಚಿಮಟದಿಂದ ಹೆಕ್ಕಿ ತೆಗೆದಳು. ಹತ್ತಿಯಿಟ್ಟು ಒತ್ತಿ, ಬ್ಯಾಂಡೇಜನ್ನು ಸುತ್ತುತ್ತ ಹೋದಳು. ಕೈ ಒಂದಿಷ್ಟೂ ನಡುಗಲಿಲ್ಲ. ಅವನು ಬಾಯಿ ತೆರೆದು ಆ ಕೈಯನ್ನೇ ನೋಡುತ್ತ ನಿಂತ. ಅಷ್ಟು ಒಳ್ಳೆಯ ಕೈ ಮಗಳಿಗಿದೆಯೆಂದು ಅವನು ಅಲ್ಲಿಯವರೆಗೆ ಕಂಡಿರಲೇ ಇಲ್ಲ. ಅವನಿಗೆ ಭಯವಾಯಿತು.

"ಪುಟ್ಟೀ" ಎಂದ. "ನನಗೂ ರಕ್ತ ಬರ್ತಿದೆ."

ಅವಳು ತಿರುಗಿ ನೋಡಲಿಲ್ಲ. ಅಪ್ಪ ಎನ್ನಲೂ ಇಲ್ಲ.

"ಹೊರಗೆ ಬೆಂಚಿದೆ, ಕೂತ್ಕೊಳ್ಳಿ. ನಿಮ್ಮ ಸರದಿ ಬಂದಾಗ ಕರೀತೀವಿ."

ಪ್ರಿನ್ಸಿಪಾಲರು ಮುಂದೆ ಬಂದು ಅವನಿಗೆ ಬಾಗಿಲು ತೆರೆದು ಹಿಡಿದರು.